ಸತ್ತ ಹಸುಗಳ ಲೆಕ್ಕ

ಮಾಜಿ ಅಧ್ಯಕ್ಷರ ವಿಚಾರಣೆ
ಸೋಮವಾರ ಹನ್ನೊಂದಕ್ಕೆ ಅಂತ
ಡೇರಿ ಗೋಡೆಗೆ ಚೀಟಿ ಅಂಟಿಸಿದ್ದರು.
ಹತ್ತಕ್ಕೇ ಗಾಣದಕೊಪ್ಪಲಿನ ಸಮುದಾಯ ಭವನ ತುಂಬಿತ್ತು.
ಕಬ್ಬು ಕಡಿಯೋರು ಕತ್ತಿ ಹೊರಗಿಟ್ಟು ಬಂದರು,
ಕಟಿಂಗ್ ಶಾಪಿನ ಸಿಂಗ್ರಯ್ಯ
ಅರ್ಧ ಗಡ್ಡದ ಗಿರಾಕಿಯನ್ನೂ ಕರೆತಂದ.
ನಾನು ಸಗಣಿ ಕೈ ಸೆರಗಿಗೊರೆಸಿಕೊಂಡು
ಹಿಂದಿನ ಸಾಲಿನಲ್ಲಿ ಕೂತೆ,
ಖಾತೆ ನಂಬರು ನೂರ ಹದಿನೇಳು.

ಕೂತ ಕುರ್ಚಿಯೂ ಅವರದೇ ಕೊಡುಗೆ.
ಬೆನ್ನಿಗೆ ಬಿಳಿ ಪೇಂಟಲ್ಲಿ ಬರೆಸಿದ್ದಾರೆ:
ದಾನಿಗಳು, ಹೊಂಬಾಳೇಗೌಡರು.
ಆ ಹೆಸರಿಗೆ ಒರಗಿಕೊಂಡೇ
ಆ ಹೆಸರಿನ ಮೇಲೆ ಬಂದ ದೂರು ಕೇಳಿದೆವು.

ಮಂಡ್ಯದಿಂದ ಬಂದ ಆಫೀಸರಮ್ಮ
ಕನ್ನಡಕ ಮೂಗಿಗಿಳಿಸಿ ಓದಿದರು:
ಕೊಂಡ ಕ್ಯಾನು ನಲವತ್ತು, ಇರುವುದು ಹದಿನಾರು.
ಬೋನಸ್ ಹಣ ಎಂಟು ತಿಂಗಳು ಯಾರ ಪೆಟ್ಟಿಗೆಯಲ್ಲಿ ಮಲಗಿತ್ತು?
ಫ್ಯಾಟು ಮಿಷನ್ನಿನ ನಾಲಿಗೆ ತಿರುಚಿದ್ದು ಯಾರು?

"ನಾನ್ ಆವತ್ತೇ ಯೋಳ್ನಿಲ್ವಾ" ಅಂದವರು ಮೂವರು.
ಯಾವತ್ತೂ ಹೇಳಿರಲಿಲ್ಲ.
"ಯಾರ್ಲಾ ತಿನ್ನಲ್ಲ? ಇವ್ರು ತಿಂದು ಊರ್ಗೂ ಇಕ್ಕಿದ್ರು" ಅಂದ ಶಿವನಂಜ,
ಗಿಣ್ಣು ತಿಂದವನ ಹಾಗೆ ತುಟಿ ಒರೆಸಿಕೊಂಡು.
ಹುಡುಗರು ಮೊಬೈಲು ಎತ್ತಿ ಹಿಡಿದರು,
ಪಕ್ಕದೂರಿನವರು ಅಲ್ಲಿಂದಲೇ ನಗುವ ಗೊಂಬೆ ಕಳಿಸಿದರು.
ದೇವೀರಮ್ಮ ಒಬ್ಬಳೇ ಅತ್ತಳು.
ಯಾಕವ್ವಾ ಅಂದರೆ,
"ಅವ್ರವ್ವ ಸತ್ತಾಗ್ಲೂ ಇಷ್ಟು ಜನ ಸೇರಿರ್ನಿಲ್ಲ ಕಣೆ."

ಅವರು ಬೆಂಚಿನ ತುದಿಯಲ್ಲಿ
ಟವೆಲು ಮಡಚಿ, ಬಿಚ್ಚಿ, ಮತ್ತೆ ಮಡಚಿ
"ಗ್ಯಾಪ್ಕ ಇಲ್ಲ ಮೇಡಂ" ಅಂದರು ಹನ್ನೊಂದು ಸಲ.
ಎಣಿಸಿದ್ದು ಸಿಂಗ್ರಯ್ಯ, ಬೆರಳು ಮಡಚಿ.
ಹನ್ನೆರಡನೆಯದಕ್ಕೆ ಭವನವೇ ಒಟ್ಟಿಗೆ
"ಗ್ಯಾಪ್ಕ ಇಲ್ಲ ಮೇಡಂ" ಎಂದು ನಕ್ಕಿತು.
ಅವರೂ ನಕ್ಕರು.

ಮೂರನೇ ದಿನ ಹಸುಗಳ ಕಡತ ಬಂತು.
ಒಂದೇ ವರ್ಷದಲ್ಲಿ ನಮ್ಮೂರ ನಲವತ್ತೊಂದು ಹಸು ಸತ್ತಿವೆ.
ವಿಮೆ ಬಂದಿದೆ.
ಆಫೀಸರಮ್ಮ ಲಕೋಟೆ ಕೊಡವಿದರೆ
ಹಳದಿ ಕಿವಿಯೋಲೆಗಳು ಮೇಜಿನ ಮೇಲೆ ಉದುರಿದವು
ಬಿಡಿಸಿದ ಹಲಸಿನ ತೊಳೆಗಳ ಹಾಗೆ.
"ಇಷ್ಟನ್ನೂ ಹೂತ ಜಾಗ ಯಾವುದು, ತೋರಿಸಿ."
ನಗು ಎಲ್ಲಿತ್ತೋ ಅಲ್ಲೇ ಕುಕ್ಕರುಗಾಲಲ್ಲಿ ಕೂತಿತು.
ಕಿಟಕಿಯಾಚೆ, ಹುಣಸೆ ಮರದಡಿ
ಒಂದು ಅಂಬಾ ಅಂದಿತು.
ಯಾರೂ ಅತ್ತ ತಿರುಗಲಿಲ್ಲ.

ಅವರದು ಅರ್ಧ, ನಮ್ಮದು ಅರ್ಧ.
ನನ್ನ ಅರ್ಧದಲ್ಲಿ ಕೊಟ್ಟಿಗೆಗೆ ಶೀಟು ಹಾಕಿಸಿದೆ,
ಮಿಕ್ಕಿದ್ದರಲ್ಲಿ ಒಂದು ಕುಕ್ಕರು.
ಓಲೆ ಕಿತ್ತ ದಿನ ಗೌರಿಯ ಹರಿದ ಕಿವಿಗೆ
ಅರಿಶಿನ ಮೆತ್ತಿದ್ದೂ ನಾನೇ.

"ನೂರ ಹದಿನೇಳು" ಅಂತ ಕೂಗಿದರು.
ಎದ್ದೆ.
"ನಿಮ್ಮ ಹಸು ಸತ್ತದ್ದು ನಿಜವೇನಮ್ಮ?"
ಗೌಡರು ಟವೆಲು ಬಿಟ್ಟು
ಮೊದಲ ಸಲ ನನ್ನ ಕಡೆ ನೋಡಿದರು.
ಬೆದರಿಕೆ ಇರಲಿಲ್ಲ ಕಣ್ಣಲ್ಲಿ,
ಒಂದೇ ಬಾವಿಗೆ ಬಿದ್ದವರು
ಒಬ್ಬರನ್ನೊಬ್ಬರು ನೋಡುವ ಹಾಗೆ, ಅಷ್ಟೆ.
"ಗ್ಯಾಪ್ಕ ಇಲ್ಲ ಮೇಡಂ" ಅಂದೆ.

ಸಿಂಗ್ರಯ್ಯ ಬೆರಳು ಮಡಚಲಿಲ್ಲ.
ಅವನದೂ ಒಂದು ಎಮ್ಮೆಯಿತ್ತು, ಹಸು ಅಂತ ಬರೆಸಿದ್ದು.

ಆಗ ಕರೆಂಟು ಹೋಯಿತು.
ತಲೆ ಮೇಲಿನ ಫ್ಯಾನು ತಿರುತಿರುಗಿ ಸುಸ್ತಾಗಿ
ಒಂದೊಂದೇ ರೆಕ್ಕೆ ತೋರಿಸಿತು:
ಹೊಂ
ಬಾಳೇ
ಗೌಡ.
ಮೂರು ದಿನ ಅದರ ಗಾಳಿಗೇ ಕೂತಿದ್ದರೂ
ಓದಲು ಆಗಿರಲಿಲ್ಲ.

ಹಾಲಿನ ಹೊತ್ತಾಯ್ತು ಅಂತ ಯಾರೋ ಅಂದರು.
ಕುರ್ಚಿಗಳು ಒಟ್ಟಿಗೇ ಕಿರುಗುಟ್ಟಿದವು.
ಆಫೀಸರಮ್ಮ ಓಲೆಗಳನ್ನು ಮತ್ತೆ ಲಕೋಟೆಗೆ ತುಂಬುತ್ತಿದ್ದರು,
ಒಂದು ಕೆಳಗೆ ಬಿತ್ತು.
ಗೌಡರೇ ಬಗ್ಗಿ ಎತ್ತಿಕೊಟ್ಟರು.

ಸಂಜೆ, ಕಡತದಲ್ಲಿ ಸತ್ತ ನನ್ನ ಗೌರಿ
ಮೂರೂವರೆ ಲೀಟರು ಕೊಟ್ಟಳು.
ಡೇರಿಯಲ್ಲಿ ಹೊಸ ಹುಡುಗ, ಹೊಸ ಮಿಷನ್ನು.
ಫ್ಯಾಟು ನಾಲ್ಕು ಪಾಯಿಂಟು ಎರಡು ಬಂತು.
ಅಷ್ಟನ್ನೇ ಬರೆದ. ಚೀಟಿ ಹರಿದು ಕೊಟ್ಟ.
ಮನೆಗೆ ತಂದು, ದೀಪ ಹಚ್ಚಿ, ಎರಡು ಸಲ ಓದಿ
ಕುಕ್ಕರಿನ ಕೆಳಗೆ ಮಡಗಿದೆ.